ಕೈಮಡದ ದಾರಿ ಮತ್ತು ಬೇಲಿಯ ಸಬ್ಸಿಡಿ

ಹುದಿಕೇರಿ ಹತ್ತಿರದ ಒಂದು ಕಾಫಿ ತೋಟದ ಬೇಲಿಗೆ ನಾನು ಕೈಯಿಂದ ಹಾಕಿದ ದುಡ್ಡು ಎಪ್ಪತ್ತೆರಡು ಸಾವಿರ ರೂಪಾಯಿ. ಒಂದು ಎನರ್ಜೈಸರ್, ಒಂದು ಬ್ಯಾಟರಿ, ಒಂದು ಸೋಲಾರ್ ಪ್ಯಾನೆಲ್, ಉಳಿದದ್ದು ತಂತಿ ಮತ್ತು ಇನ್ಸುಲೇಟರ್. ಯಾರೂ ನನಗೆ ಮೋಸ ಮಾಡಲಿಲ್ಲ, ಯಾವ ಸಾಮಾನೂ ಕೆಡಲಿಲ್ಲ. ತೀರಿಹೋದ ಹಿರಿಯರು ಓಡಾಡುವ ದಾರಿಯ ಮೇಲಿನಿಂದಲೂ ಅಡಿಯಿಂದಲೂ ಕರೆಂಟು ಹಾಯಬಾರದು ಎಂಬ ಒಂದು ಹಟಕ್ಕೆ ತೆತ್ತ ಬೆಲೆ ಅದು. ವ್ಯಾಪಾರದಲ್ಲಿ ಹತ್ತು ರೂಪಾಯಿ ಬಿಡಲಿಕ್ಕೂ ಎರಡು ಸಲ ಯೋಚಿಸುವ ನಾನು ಅಷ್ಟು ದೊಡ್ಡ ಮೊತ್ತವನ್ನು ಯಾಕೆ ಬಿಟ್ಟೆ ಎಂದು ಈಗಲೂ ಸ್ನೇಹಿತರು ಕೇಳುತ್ತಾರೆ. ಸಬ್ಸಿಡಿ ನಂಬಿ ಕೆಲಸಕ್ಕೆ ಇಳಿಯುವವರಿಗೆಲ್ಲ ಉಪಯೋಗವಾಗುತ್ತದೆ ಎಂದು ಬರೆದಿಡುತ್ತಿದ್ದೇನೆ.

ಇದು ನಡೆದದ್ದು ಎರಡು ವರ್ಷದ ಹಿಂದಿನ ಮಾರ್ಚ್ ತಿಂಗಳಲ್ಲಿ. ಆಗ ನಾನು ವಿರಾಜಪೇಟೆಯಲ್ಲಿ ಸೋಲಾರ್ ಬೇಲಿಯ ಅಂಗಡಿ ಇಟ್ಟು ಹತ್ತು ವರ್ಷ ದಾಟಿತ್ತು. ಹುಟ್ಟಿದ್ದು ಎಸ್ಟೇಟಿನ ಕೂಲಿಯವರ ಲೈನ್‌ಮನೆಯಲ್ಲಿ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಪಂಪ್‌ಸೆಟ್ ರಿಪೇರಿಯವರ ಹಿಂದೆ ಸ್ಪ್ಯಾನರ್ ಹಿಡಿದು ತಿರುಗಿದವನು. ಮನೆಯಲ್ಲಿ ಮಲಯಾಳ, ಅಂಗಡಿಯಲ್ಲಿ ಕನ್ನಡ, ಗಿರಾಕಿ ಕೊಡವರಾದರೆ ಕೊಡವ ತಕ್ಕ್, ಹೀಗೆ ಮೂರು ಭಾಷೆಯಲ್ಲಿ ಚೌಕಾಸಿ ಮಾಡಿ ಬೆಳೆದೆ. ತೋಟಗಳಲ್ಲಿ ನನ್ನನ್ನು ‘ಬೇಲಿ ರಾಜು’ ಎಂದೇ ಕರೆಯುವುದು.

ಸೋಲಾರ್ ಬೇಲಿ ಎಂದರೆ ಕಂಬಗಳಿಗೆ ತಂತಿ ಎಳೆದು, ಎನರ್ಜೈಸರ್ ಎಂಬ ಪೆಟ್ಟಿಗೆಯಿಂದ ಬಿಟ್ಟುಬಿಟ್ಟು ಕರೆಂಟು ಹಾಯಿಸುವುದು. ಆನೆಗೆ ಜೋರಾಗಿ ಬಡಿಯುತ್ತದೆ, ಜೀವಕ್ಕೆ ಅಪಾಯವಿಲ್ಲ. ಅದಕ್ಕೆ ಸರ್ಕಾರ ಅರ್ಧ ಖರ್ಚು ಕೊಡುತ್ತದೆ. ಆದರೆ ಮೊದಲು ಕೊಡುವುದಿಲ್ಲ. ರೈತ ಪೂರ್ತಿ ದುಡ್ಡು ಹಾಕಿ ಬೇಲಿ ಮಾಡಿಸಬೇಕು, ಬಿಲ್ ಕೊಡಬೇಕು. ಆಮೇಲೆ ಇಲಾಖೆಯವರು ಬಂದು ಮೊಬೈಲ್ ಆ್ಯಪ್ ಹಿಡಿದು ಬೇಲಿಯ ಉದ್ದಕ್ಕೂ ನಡೆಯುತ್ತಾರೆ. ನಡೆದ ಹಾಗೆ ಪರದೆಯ ಮೇಲೆ ಗೆರೆ ಮೂಡುತ್ತದೆ. ಹೊರಟ ಜಾಗಕ್ಕೇ ಬಂದು ಗೆರೆ ಕೂಡಿದರೆ ಬೇಲಿ ಮುಗಿದಿದೆ ಎಂದು ಲೆಕ್ಕ, ಅರ್ಧ ದುಡ್ಡು ರೈತನ ಖಾತೆಗೆ ಬರುತ್ತದೆ. ಮಾರ್ಚ್ ಮುಗಿಯುವುದರೊಳಗೆ ಇದಾಗದಿದ್ದರೆ ಆ ವರ್ಷದ ಅನುದಾನ ವಾಪಸ್. ಮುಂದಿನ ವರ್ಷ ಮತ್ತೆ ಸಾಲಿನ ಕೊನೆಯಲ್ಲಿ ನಿಲ್ಲಬೇಕು.

ತೋಟ ಮುತ್ತಮ್ಮ ಎಂಬವರ ಮನೆಯದು. ಗಂಡ ಕುಶಾಲನಗರದಲ್ಲಿ ಸೆಕ್ಯುರಿಟಿ ಕೆಲಸದಲ್ಲಿದ್ದರು, ವಾರಕ್ಕೊಮ್ಮೆ ಬರುತ್ತಿದ್ದರು. ಕೆಲಸದವರನ್ನು ನೋಡುವುದು, ಕಚೇರಿ ತಿರುಗುವುದು ಎಲ್ಲ ಈಕೆಯೇ. ಬೇಲಿಯ ಖರ್ಚು ಮೂರು ಲಕ್ಷದ ಇಪ್ಪತ್ತು ಸಾವಿರ. ಅರ್ಧ ದುಡ್ಡನ್ನು ಕಾಫಿ ಮಾರಿ ಕೊಟ್ಟರು. ಉಳಿದರ್ಧ ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ. ಕೊಡುವ ದಿನ ಅವರೇ ಹೇಳಿದರು, ಪತ್ತಾಕನ್ನು ಬ್ಯಾಂಕಿನಲ್ಲಿ ಇಟ್ಟಿದ್ದೇನೆ ಎಂದು.

ಪತ್ತಾಕ್ ಎಂದರೆ ಕೊಡವ ಹೆಂಗಸರ ಕೊರಳಿನ ಚಿನ್ನದ ಪದಕ. ಮಗಳ ಮದುವೆಯಲ್ಲಿ ಅದನ್ನು ತಾಯಿಯೇ ಮಗಳ ಕೊರಳಿಗೆ ಕಟ್ಟಬೇಕು. ಮುತ್ತಮ್ಮನ ಮಗಳ ಮದುವೆ ಮೇ ತಿಂಗಳಿಗೆ ನಿಶ್ಚಯವಾಗಿತ್ತು. ಏಪ್ರಿಲ್‌ನಲ್ಲಿ ಸಬ್ಸಿಡಿ ಬರುತ್ತದೆ, ಬಿಡಿಸಿಕೊಳ್ಳುತ್ತೇನೆ, ಗಂಡನನ್ನು ಬಿಟ್ಟು ಕುಟುಂಬದಲ್ಲಿ ಯಾರಿಗೂ ಗೊತ್ತಿಲ್ಲ, ನೀನೂ ಬಾಯಿ ಬಿಡಬೇಡ ಎಂದರು. ಆಯಿತು ಎಂದೆ.

ಆ ತೋಟದ ನಡುವೆ ಒಂದು ಕಾಲುದಾರಿ ಇತ್ತು. ಮೇಲ್ಗಡೆ ಆ ಕುಟುಂಬದ ಮೂಲಮನೆ, ಅಂದರೆ ಐನ್‌ಮನೆ. ಕೆಳಗಡೆ ಕಾಡಿನ ಅಂಚಿನಲ್ಲಿ ಕೈಮಡ, ಅಂದರೆ ಅವರ ಹಿರಿಯರ ಗುಡಿ. ಪಾಲಾದಾಗ ನಡುವಿನ ಜಾಗ ಮುತ್ತಮ್ಮನ ಗಂಡನ ಕಡೆಗೆ ಬಂದಿತ್ತು. ದಾರಿ ಬೇಲಿಯನ್ನು ಹಾಯುವ ಎರಡು ಕಡೆಯೂ ನಾನು ಸ್ಪ್ರಿಂಗ್ ಗೇಟ್ ಇಟ್ಟೆ. ಪ್ಲಾಸ್ಟಿಕ್ ಹಿಡಿ ಹಿಡಿದು ಕೊಕ್ಕೆ ಬಿಚ್ಚಿದರೆ ದಾರಿ, ಸಿಕ್ಕಿಸಿದರೆ ಬೇಲಿ. ಎಲ್ಲ ಕಡೆ ಹೀಗೇ ಮಾಡುವುದು. ಕರೆಂಟು ಹಾಯಿಸಿ, ಟೆಸ್ಟರ್ ಇಟ್ಟು ತೋರಿಸಿ ಬಂದೆ.

ಮಾರ್ಚ್ ನಡುವಿಗೆ ತಪಾಸಣೆಗೆ ಬಂದವರು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ, ಬಿಜಾಪುರದ ಕಡೆಯವರು. ಮೇಡಂ ಮೊಬೈಲ್ ಹಿಡಿದು ಮುಂದೆ, ನಾನೂ ಮುತ್ತಮ್ಮನೂ ಹಿಂದೆ. ಕೆಳಗಿನ ಗೇಟಿನ ಜಾಗಕ್ಕೆ ಬಂದಾಗ ಅವರು ನಿಂತರು. ಕಂಬಗಳಿದ್ದವು. ಗೇಟ್ ಇರಲಿಲ್ಲ. ತಂತಿಯನ್ನು ನೀಟಾಗಿ ಸುರುಳಿ ಸುತ್ತಿ ಪಕ್ಕದ ಹಲಸಿನ ಮರಕ್ಕೆ ನೇತುಹಾಕಿತ್ತು. ಮೇಲೆ ಹೋಗಿ ನೋಡಿದರೆ ಅಲ್ಲೂ ಅಷ್ಟೇ.

“ಗೆರಿ ಕೂಡವಲ್ದು ನೋಡ್ರಿ,” ಎಂದರು ಮೇಡಂ.

ಗದ್ದಲ ಕೇಳಿ ಐನ್‌ಮನೆಯಿಂದ ಉತ್ತಪ್ಪ ಸಾವ್ಕಾರರು ಇಳಿದು ಬಂದರು. ಮುತ್ತಮ್ಮನ ಗಂಡನ ದೊಡ್ಡಪ್ಪ. ಕುಟುಂಬಕ್ಕೆಲ್ಲ ಹಿರಿಯರು. ವಯಸ್ಸು ಎಂಬತ್ತರ ಮೇಲೆ, ಬೆನ್ನು ಮಾತ್ರ ನೆಟ್ಟಗೆ. ಗೇಟ್ ಕದ್ದವರನ್ನು ಹಿಡಿಯಬೇಕು ಎಂದು ನಾನು ಹಾರಾಡುತ್ತಿದ್ದೆ. ಅವರು ಮಗನಿಗೆ ಹೇಳುವ ಹಾಗೆ ನನ್ನ ಭುಜ ತಟ್ಟಿ ಹೇಳಿದರು: “ಕದ್ದದ್ದಲ್ಲ ಮೋನೆ, ನಾನು ತೆಗ್ಸಿದ್ದು. ಒಂದು ಸ್ಪ್ರಿಂಗ್ ಸಹ ಕಳೀಲಿಲ್ಲ. ಬೇಕಾದ್ರೆ ವಾಪಸ್ ತಕೊಂಡು ಹೋಗು, ಇನ್ನೊಬ್ಬರಿಗೆ ಆಗ್ತದೆ.”

ಹಿರಿಯರ ದಾರಿಗೆ ಬಾಗಿಲು ಇಡುವಂತಿಲ್ಲ ಎಂಬುದು ಅವರ ಕುಟುಂಬದ ಕಟ್ಟಳೆಯಂತೆ. ಮೂಲಪುರುಷನನ್ನು ಅವರು ಕಾರಣ ಎನ್ನುತ್ತಾರೆ. ಆತ ಕೈಮಡದಿಂದ ಮನೆಗೆ, ಮನೆಯಿಂದ ಕೈಮಡಕ್ಕೆ ಬಂದು ಹೋಗುವ ದಾರಿ ಅದು. ಬೇಲಿ ಹಾಕಿ, ದಾರಿ ಬಿಟ್ಟು ಹಾಕಿ, ಅಷ್ಟೇ ಎಂದರು. ಮುದುಕರ ಮುಖದಲ್ಲಿ ಕೆಡುಕಿನ ನೆರಳೂ ಇರಲಿಲ್ಲ. ತಾನು ಮಾಡಿದ್ದರಿಂದ ಸಬ್ಸಿಡಿ ನಿಲ್ಲುತ್ತದೆಂಬುದು ಅವರ ತಲೆಗೇ ಬಂದಿರಲಿಲ್ಲ. ಸರ್ಕಾರದ ದುಡ್ಡಿಗೂ ಕೈಮಡದ ದಾರಿಗೂ ಏನು ಸಂಬಂಧ ಎಂದು ಕೇಳಿದರು.

ನಾನು ಮೇಡಂ ಹತ್ತಿರ ಚೌಕಾಸಿಗೆ ಇಳಿದೆ. ಗೇಟ್ ಈಗಲೇ ಸಿಕ್ಕಿಸುತ್ತೇನೆ, ಗೆರೆ ಕೂಡಿಸಿಬಿಡಿ ಎಂದೆ. ಅವರು ಸಾವ್ಕಾರರ ಮುಖ ನೋಡಿದರು.

“ನಾ ಹೋದ ಮ್ಯಾಲೆ ಇವರು ಮತ್ತ ತೆಗಸ್ತಾರ. ಇದ್ದದ್ದು ಬರೀತೇನಿ, ಇಲ್ಲದ್ದು ಬರಿಯಂಗಿಲ್ಲ. ಗುರುವಾರ ಈ ಕಡೆ ಕಡೀ ಸುತ್ತು ಐತಿ. ಅವತ್ತು ಕೂಡಿದ್ರ ಆತು, ಇಲ್ಲಂದ್ರ ಇಲ್ಲ.”

ಮುತ್ತಮ್ಮ ಬರಿ ಕೊರಳನ್ನು ಸೆರಗಿನಿಂದ ಮುಚ್ಚಿಕೊಂಡರು.

ಗುರುವಾರದವರೆಗೆ ನನಗೆ ಬೇರೆ ಕೆಲಸ ಇರಲಿಲ್ಲ ಎಂದೇ ಹೇಳಬೇಕು. ತಪಾಸಣೆಯಲ್ಲಿ ಬಿದ್ದ ಬೇಲಿ ಯಾರು ಹಾಕಿದ್ದು ಎಂದು ಇಲಾಖೆ ಬರೆದುಕೊಳ್ಳುತ್ತದೆ. ಎರಡು ಮೂರು ಬಿದ್ದರೆ ಮಾನ್ಯತೆ ಪಡೆದವರ ಪಟ್ಟಿಯಿಂದ ಹೆಸರು ಹೋಗುತ್ತದೆ. ಅದು ನನ್ನ ಚಿಂತೆ. ಆದರೆ ನಾನು ಮತ್ತೆ ದುಡಿಯಬಹುದಿತ್ತು. ಮುತ್ತಮ್ಮನಿಗೆ ಮೇ ತಿಂಗಳು ಮತ್ತೆ ಬರುವಂತಿರಲಿಲ್ಲ.

ಎರಡು ಸಲ ಐನ್‌ಮನೆಗೆ ಹೋದೆ. ಸಾವ್ಕಾರರು ಕಾಫಿ ಕೊಟ್ಟರು, ಕೂರಿಸಿ ಮಾತನಾಡಿಸಿದರು, ಒಂದಿಂಚೂ ಬಿಡಲಿಲ್ಲ. ಗೇಟನ್ನು ವರ್ಷವಿಡೀ ತೆಗೆದೇ ಇಡೋಣ, ಮೇಡಂ ಬಂದ ದಿನ ಮಾತ್ರ ಸಿಕ್ಕಿಸೋಣ ಎಂದೆ. ಗೇಟು ಮಾಡುವುದೇ ಮುಚ್ಚಲಿಕ್ಕೆ, ಒಂದು ದಿನ ಮುಚ್ಚಿದರೂ ಮುಚ್ಚಿದ್ದೇ ಎಂದರು. ಆನೆ ಒಳಗೆ ಬರುತ್ತದೆ ಎಂದು ಹೆದರಿಸಿದೆ. ಅದಕ್ಕೂ ಅವರಲ್ಲಿ ಉತ್ತರವಿತ್ತು.

“ನನ್ನ ವಯಸ್ಸಿಗೆ ಆ ದಾರಿಯಲ್ಲಿ ಆನೆ ಬಂದದ್ದು ನಾನು ನೋಡ್ಲಿಲ್ಲ. ಎಲ್ಲ ಕಡೆಯಿಂದ ಬಂದಿದೆ, ಅಲ್ಲಿಂದ ಬರ್ಲಿಲ್ಲ.”

ಅದು ನಿಜವೇ. ಎಲ್ಲ ಕಡೆ ತೆರೆದಿದ್ದಾಗ ಆನೆಗೆ ಆ ಇಕ್ಕಟ್ಟಿನ ದಾರಿ ಬೇಕಿರಲಿಲ್ಲ. ಈಗ ಉಳಿದದ್ದೆಲ್ಲ ಮುಚ್ಚಿತ್ತು. ಇದನ್ನು ಎಷ್ಟು ಬಿಡಿಸಿ ಹೇಳಿದರೂ ಅವರು ನಕ್ಕು ಇನ್ನೊಂದು ಲೋಟ ಕಾಫಿ ತರಿಸಿದರು. ಪತ್ತಾಕಿನ ವಿಷಯ ಒಂದು ಮಾತು ಹೇಳಿದ್ದರೆ ಮುದುಕರು ಕರಗುತ್ತಿದ್ದರೋ ಏನೋ. ಮಾತು ಕೊಟ್ಟಿದ್ದೆ. ಕೈಯಲ್ಲಿ ಒಳ್ಳೆಯ ಎಲೆ ಇಟ್ಟುಕೊಂಡು ಸೋಲುವ ಇಸ್ಪೀಟು ಆಟ ನಾನು ಆಡಿದ್ದು ಅದೊಂದೇ ಸಲ.

ಬುಧವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದಾಗ ಮುತ್ತಮ್ಮನ ಫೋನ್ ಬಂತು. ಧ್ವನಿ ತಗ್ಗಿಸಿ ಮಾತನಾಡುತ್ತಿದ್ದರು. ಆನೆ ತೋಟದೊಳಗೆ ಇದೆ, ಕರಿಮೆಣಸು ಕೊಯ್ಯುವವರು ಏಣಿಯ ಮೇಲೆ ಇದ್ದಾರೆ, ಇಳಿಯುವಂತಿಲ್ಲ, ಬೇಗ ಬಾ ಎಂದರು. ಜೀಪನ್ನು ಹೇಗೆ ಓಡಿಸಿದೆನೋ ಗೊತ್ತಿಲ್ಲ.

ಒಂಟಿ ಆನೆ. ಬೆಳಗಿನ ಜಾವ ಕೆಳಗಿನ ದಾರಿಯಿಂದ ಬಂದು ತೋಟದ ಒಳಗಿನ ಇನ್ನೊಂದು ಹಲಸಿನ ಮರಕ್ಕೆ ಸೊಂಡಿಲು ಹಾಕಿದೆ. ಬಿಸಿಲೇರಿದ ಮೇಲೆ ಕಾಡಿಗೆ ಮರಳಲು ಹೊರಟರೆ ಎದುರು ನನ್ನ ತಂತಿ. ಬಡಿಸಿಕೊಂಡು ತಿರುಗಿದೆ. ಇನ್ನೊಂದು ಕಡೆ ಹೋದರೆ ಅಲ್ಲೂ ತಂತಿ. ಆನೆ ಒಳಗೆ ಬರಬಾರದೆಂದು ಹಾಕಿದ ಬೇಲಿ ಅದನ್ನು ಒಳಗೇ ಕೂಡಿಹಾಕಿತ್ತು. ಬೇಲಿಯಲ್ಲಿ ಸಂದು ಬಿಟ್ಟರೆ ಆಗುವ ದೊಡ್ಡ ಅಪಾಯ ಇದೇ. ಬಂದ ಸಂದು ಹೆದರಿದ ಆನೆಗೆ ಸುಲಭಕ್ಕೆ ಮತ್ತೆ ಸಿಗುವುದಿಲ್ಲ, ಸಿಟ್ಟು ಏರುತ್ತಾ ಹೋಗುತ್ತದೆ.

ಕೊಯ್ಯುವವರು ಆರು ಜನ, ಅದರಲ್ಲಿ ನಾಲ್ವರು ಹೆಂಗಸರು. ಸಿಲ್ವರ್ ಓಕ್ ಮರಗಳಿಗೆ ಒರಗಿಸಿದ ಬಿದಿರಿನ ಏಣಿಗಳ ಮೇಲೆ ಉಸಿರು ಬಿಗಿಹಿಡಿದು ನಿಂತಿದ್ದರು. ಆನೆ ಅವರ ಕೆಳಗಿನ ಕಾಫಿ ಗಿಡಗಳ ನಡುವೆ ಎಲ್ಲೋ ಇತ್ತು. ಕಾಣುತ್ತಿರಲಿಲ್ಲ, ಕೊಂಬೆ ಮುರಿಯುವ ಸದ್ದು ಮಾತ್ರ ಕೇಳುತ್ತಿತ್ತು. ಅರಣ್ಯ ಇಲಾಖೆಗೆ ಫೋನ್ ಹೋಗಿತ್ತು, ಅವರು ಇನ್ನೊಂದು ಊರಿನಲ್ಲಿ ಆನೆ ಓಡಿಸುತ್ತಿದ್ದರು, ಬರುವುದು ತಡವಾಗುತ್ತಿತ್ತು.

ಮುತ್ತಮ್ಮ ನನ್ನ ಕೈಗೆ ಕಟಿಂಗ್ ಪ್ಲೇಯರ್ ಕೊಟ್ಟರು. “ಕೆಳಗಿನ ತಂತಿ ಪೂರ್ತಿ ಕಡಿದುಬಿಡು, ರಾಜು.”

“ಅಕ್ಕ, ನಾಳೆ ಮೇಡಂ ಬರ್ತಾರೆ. ಅಷ್ಟು ಉದ್ದ ಮತ್ತೆ ಎಳೀಲಿಕ್ಕೆ ಆಗುದಿಲ್ಲ.”

“ಏಣಿ ಮೇಲೆ ಇರುದು ಜನ. ಕಡಿ.”

ಮೇನ್ ಆಫ್ ಮಾಡಲು ಕೈ ಚಾಚಿದ್ದೆ. ಹಿಂದಿನಿಂದ ಯಾರೋ ಮಣಿಕಟ್ಟು ಹಿಡಿದರು. ಉತ್ತಪ್ಪ ಸಾವ್ಕಾರರು. ಹೆಗಲ ಮೇಲೆ ಕೋವಿ. ಕರೆಂಟ್ ಇರಲಿ, ಕಡಿದರೆ ಅದು ಎತ್ತ ನುಗ್ಗುತ್ತದೋ ಹೇಳಲಾಗುವುದಿಲ್ಲ, ತಂತಿ ಇದ್ದರೆ ಅದರ ಪಕ್ಕದಲ್ಲೇ ಹೋಗುತ್ತದೆ, ಹೋಗುತ್ತಾ ಸಂದು ಸಿಗುತ್ತದೆ ಎಂದರು. ಹೇಳಿದ ರೀತಿಯಲ್ಲಿ ಅವಸರವೇ ಇರಲಿಲ್ಲ. ತೋಟದ ಮೇಲಂಚಿಗೆ ನಡೆದು ಆಕಾಶಕ್ಕೆ ಒಂದೇ ಗುಂಡು ಹಾರಿಸಿದರು.

ಕಾಫಿ ಗಿಡಗಳು ಅಲೆಯ ಹಾಗೆ ಕೆಳಕ್ಕೆ ಬಾಗಿದವು. ಆನೆ ಒಂದು ಏಣಿಯ ಬುಡದಲ್ಲೇ ಹಾದುಹೋಯಿತು. ಏಣಿ ಅಲುಗಿತು, ಮೇಲಿದ್ದ ಹೆಂಗಸು ಮರವನ್ನು ತಬ್ಬಿಕೊಂಡಳು. ಬೇಲಿಯ ಹತ್ತಿರ ಅದು ನಿಂತಿತು. ಸೊಂಡಿಲನ್ನು ಒಳಕ್ಕೆ ಸುತ್ತಿಕೊಂಡು, ತಂತಿಗೆ ತಾಗದ ಹಾಗೆ, ಅದರ ಪಕ್ಕದಲ್ಲೇ ಮೆಲ್ಲಗೆ ನಡೆಯತೊಡಗಿತು. ಎರಡು ಕಂಬಗಳ ನಡುವೆ ತಂತಿ ಇಲ್ಲದ ಜಾಗ ಬಂದಾಗ ಮತ್ತೆ ನಿಂತಿತು. ನಾನು ಪ್ಲೇಯರನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅಂಗೈಯಲ್ಲಿ ಅದರ ಗುರುತು ಸಂಜೆಯವರೆಗೂ ಇತ್ತು. ಆನೆ ಹೊರಗೆ ಕಾಲಿಟ್ಟಿತು. ಕೈಮಡದ ಪಕ್ಕದಲ್ಲಿ ಹಾದು ಕಾಡಿಗೆ ಇಳಿಯಿತು.

ಸಾವ್ಕಾರರು ನಮ್ಮ ಹತ್ತಿರ ಬಂದು ಕೇಳಿದರು: “ದಾರಿ ಇಲ್ಲದಿದ್ರೆ ಅದು ಎಲ್ಲಿಂದ ಹೋಗ್ತಿತ್ತು, ಮೋನೆ?”

“ದಾರಿ ಇಲ್ಲದಿದ್ರೆ ಅದು ಎಲ್ಲಿಂದ ಬರ್ತಿತ್ತು, ಸಾವ್ಕಾರ್ರೆ?”

ಇಬ್ಬರ ಮಾತೂ ಸರಿ, ಆದ್ದರಿಂದಲೇ ವ್ಯಾಪಾರ ಮುಂದೆ ಹೋಗುವಂತಿರಲಿಲ್ಲ. ಆಗ ಮುತ್ತಮ್ಮ ಬಾಯಿ ಬಿಟ್ಟರು. ಕೆಲಸದವರನ್ನು ಇಳಿಸಿ, ನೀರು ಕೊಟ್ಟು, ಮನೆಗೆ ಕಳಿಸಿ ಬಂದಿದ್ದರು.

“ಮಾವ, ನನ್ನ ಪತ್ತಾಕ್ ಬ್ಯಾಂಕಿನಲ್ಲಿ ಇದೆ. ನಾಳೆ ಆಗದಿದ್ರೆ ಮದುವೆಗೆ ಇಲ್ಲ.”

ಮುದುಕರು ಕೋವಿಯನ್ನು ಮರಕ್ಕೆ ಒರಗಿಸಿದರು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಮುತ್ತಮ್ಮನನ್ನು ಕೇಳಲಿಲ್ಲ. ಬೈಯಲೂ ಇಲ್ಲ. ನನ್ನ ಕಡೆ ತಿರುಗಿ, ದಾರಿಯನ್ನು ಮುಚ್ಚುವುದಿಲ್ಲ, ಅದೊಂದು ಬಿಟ್ಟು ಏನು ಬೇಕಾದರೂ ಕೇಳು ಎಂದರು.

ಇಷ್ಟು ವರ್ಷದ ಚೌಕಾಸಿಯಲ್ಲಿ ನಾನು ಕಾಯುವುದು ಇಂಥ ಮಾತಿಗೇ. ಎದುರಿನವರು ತಾವು ಬಿಡದ ಒಂದನ್ನು ಗಟ್ಟಿಯಾಗಿ ಹೇಳಿದರೆ ಉಳಿದದ್ದೆಲ್ಲ ಮಾತಿಗೆ ಸಿಗುತ್ತದೆ. ತಕ್ಷಣ ಹೇಳಿದೆ. ದಾರಿ ಮುಚ್ಚುವುದು ಬೇಡ. ದಾರಿಯ ಎರಡೂ ಬದಿಗೆ ಬೇಲಿ ಎಳೆಯೋಣ. ತೋಟ ಎರಡು ತುಂಡಾಗುತ್ತದೆ, ಒಂದೊಂದು ತುಂಡಿಗೂ ಪೂರ್ತಿ ಸುತ್ತು. ನಡುವಿನ ಓಣಿ ಮೇಲಿನಿಂದ ಕೆಳಗಿನವರೆಗೆ ತೆರೆದೇ ಇರುತ್ತದೆ. ತೋಟದೊಳಗೆ ಹೋಗಲಿಕ್ಕೆ ಬೇಕಾದ ಗೇಟುಗಳು ಓಣಿಯ ಪಕ್ಕಕ್ಕೆ ಬರುತ್ತವೆ, ದಾರಿಗೆ ಅಡ್ಡ ಬರುವುದಿಲ್ಲ. ಆದರೆ ಓಣಿಯಲ್ಲಿ ಆನೆ ಹೊಕ್ಕರೆ ನೇರ ನಿಮ್ಮ ಅಂಗಳಕ್ಕೆ ಬರುತ್ತದೆ, ಅದು ನಿಮ್ಮ ಪಾಲಿನ ಖರ್ಚು ಎಂದೆ.

“ಬರ್ಲಿ,” ಎಂದರು ಸಾವ್ಕಾರರು. “ನನ್ನ ಅಂಗಳ ದೊಡ್ಡದಿದೆ.”

ಕಂಬ ನಿಮ್ಮದು, ಗುಂಡಿ ತೋಡಲು ಆಳು ನಿಮ್ಮದು ಎಂದೆ. ಒಪ್ಪಿದರು. ಒಂದೇ ಎನರ್ಜೈಸರಿನಿಂದ ಆಚೆ ತುಂಡಿಗೂ ಕರೆಂಟು ಕೊಡಬೇಕು, ದಾರಿಯ ಅಡಿಯಲ್ಲಿ ಪೈಪ್ ಹುಗಿದು ಕೇಬಲ್ ದಾಟಿಸುತ್ತೇನೆ ಎಂದೆ. ಮುದುಕರು ತಲೆ ಅಲ್ಲಾಡಿಸಿದರು. ಕಾರಣನ ಕಾಲಡಿಯಲ್ಲಿ ಕರೆಂಟಾ? ಹಾಗಾದರೆ ಎತ್ತರದ ಕಂಬ ನೆಟ್ಟು ಮೇಲಿನಿಂದ ತರುತ್ತೇನೆ ಎಂದೆ. ಕೈಮಡಕ್ಕೆ ಎಡೆ ಹೊತ್ತು ಹೋಗುವವನ ತಲೆಯ ಮೇಲೆ ತಂತಿಯಾ? ಅದೂ ಆಗುವುದಿಲ್ಲ. ಮುತ್ತಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ಉಳಿದದ್ದು ಒಂದೇ ಉಪಾಯ, ಆಚೆ ತುಂಡಿಗೆ ಬೇರೆ ಎನರ್ಜೈಸರ್, ಬೇರೆ ಬ್ಯಾಟರಿ, ಬೇರೆ ಪ್ಯಾನೆಲ್. ಅದು ಯಾರ ಲೆಕ್ಕ ಎಂದು ಕೇಳುವ ಹೊತ್ತು ಅಲ್ಲ. ಕೇಳಿದ್ದರೆ ಅವರು ಮನೆಗೆ ಹೋಗಿ ಯೋಚಿಸುತ್ತಿದ್ದರು, ಯೋಚಿಸಿದರೆ ಗುರುವಾರ ಮುಗಿಯುತ್ತಿತ್ತು. ಹೊಸ ತಂತಿಯೂ ಸೇರಿ ಎಲ್ಲ ನನ್ನ ಲೆಕ್ಕ ಎಂದುಬಿಟ್ಟೆ.

ಸಾವ್ಕಾರರ ಆಳುಗಳು, ನನ್ನ ಹುಡುಗರು, ಎಲ್ಲರೂ ಸೇರಿ ಕತ್ತಲಾಗುವವರೆಗೆ ಕಂಬ ನೆಟ್ಟೆವು. ಮರುದಿನ ಬೆಳಕು ಹರಿದ ಮೇಲೆ ತಂತಿ. ಸಾವ್ಕಾರರು ದಾರಿಯ ನಡುವೆ ಕುರ್ಚಿ ಹಾಕಿ ಕೂತು, ಓಣಿ ಒಂದು ಗೇಣೂ ಕಿರಿದಾಗದಂತೆ ನೋಡಿಕೊಂಡರು. ಮೇಡಂ ಬಂದಾಗ ಕೊನೆಯ ಇನ್ಸುಲೇಟರಿಗೆ ತಂತಿ ಬಿಗಿಯುತ್ತಿದ್ದೆವು.

ಅವರು ಮೊದಲ ತುಂಡು ಸುತ್ತಿದರು. ಗೆರೆ ಕೂಡಿತು. ಎರಡನೆಯದೂ ಕೂಡಿತು. ಮುತ್ತಮ್ಮ ಮೊದಲ ಸಲ ನಕ್ಕರು. ಆದರೆ ಮೇಡಂ ಮೊಬೈಲ್ ನೋಡುತ್ತಲೇ ಇದ್ದರು. ಒಂದು ಅರ್ಜಿಗೆ ಆ್ಯಪ್ ಒಂದೇ ಸುತ್ತನ್ನು ತೆಗೆದುಕೊಳ್ಳುತ್ತದಂತೆ. ದೊಡ್ಡ ತುಂಡನ್ನು ಏರಿಸಬಹುದು, ಸಣ್ಣ ತುಂಡಿಗೆ ದುಡ್ಡು ಇಲ್ಲ. ನಾನು ಮತ್ತೆ ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು.

“ನಿಮ್ಮ ಕೆಲಸ ಭಾಳ ಛಲೋ ಆಗೇತಿ. ಆದ್ರ ಇದಕ್ಕಿಂತ ಹೆಚ್ಚು ನನ್ನ ಕೈಯಾಗಿಲ್ರಿ.”

ಅವರನ್ನು ದೂರಲಾರೆ. ಬೇರೆ ಯಾರಾದರೂ ಆಗಿದ್ದರೆ ಅಷ್ಟೂ ಮಾಡದೆ ಹೋಗುತ್ತಿದ್ದರು. ಲೆಕ್ಕ ಹಾಕಿದರೆ ಪತ್ತಾಕ್ ಬಿಡಿಸಲು ನಲವತ್ತು ಸಾವಿರದಷ್ಟು ಕಡಿಮೆ ಬೀಳುತ್ತಿತ್ತು. ಮುತ್ತಮ್ಮ ಬೇಲಿಯ ಕಂಬ ಹಿಡಿದು ನಿಂತರು. ಈಗ ನಾನು ಕೊಡುವಂತಿರಲಿಲ್ಲ, ನನ್ನ ಜೇಬು ಆಗಲೇ ಖಾಲಿ.

ಉತ್ತಪ್ಪ ಸಾವ್ಕಾರರು ಕುರ್ಚಿಯಿಂದ ಎದ್ದರು. ತೋಟ ತುಂಡಾದದ್ದು ಕೈಮಡದ ದಾರಿಗಾಗಿ, ಆದ್ದರಿಂದ ಕಡಿಮೆ ಬಿದ್ದದ್ದು ಮುತ್ತಮ್ಮನ ಖರ್ಚಲ್ಲ, ಇಡೀ ಕುಟುಂಬದ ಖರ್ಚು ಎಂದರು. ಕುಟುಂಬದ ಸಭೆ ಸೇರಿಸಿ ಕೇಳಬೇಡವೇ ಎಂದು ಮುತ್ತಮ್ಮ ಮೆಲ್ಲಗೆ ಹೇಳಿದರು.

“ಕೇಳ್ತೇನೆ. ಮೊದಲು ನನ್ನ ಕರಿಮೆಣಸು ಮಾರಿ ಕೊಡ್ತೇನೆ, ಮತ್ತೆ ಕೇಳ್ತೇನೆ. ಯಾರು ಬೇಡ ಅಂತಾರೆ ನೋಡುವ.”

ಏಪ್ರಿಲ್ ಕೊನೆಗೆ ದುಡ್ಡು ಖಾತೆಗೆ ಬಂತು. ಸಾವ್ಕಾರರ ಕರಿಮೆಣಸನ್ನು ನಾನೇ ವಿರಾಜಪೇಟೆಯಲ್ಲಿ ಒಳ್ಳೆಯ ರೇಟಿಗೆ ಮಾರಿಸಿಕೊಟ್ಟೆ. ಮದುವೆಗೆ ಕರೆದಿದ್ದರು, ಹೋದೆ. ಮದುಮಗಳ ಕೊರಳಿನಲ್ಲಿ ಪತ್ತಾಕ್ ಇತ್ತು. ಮುತ್ತಮ್ಮ ಊಟದ ಸಾಲಿನಲ್ಲಿ ನನ್ನನ್ನು ಕಂಡು, ಪಂದಿ ಕರಿ ಸರಿಯಾಗಿ ಬಡಿಸಿದರಾ ಎಂದಷ್ಟೇ ಕೇಳಿದರು. ಸಾಲದೆಂದು ತಾವೇ ಎರಡು ಸೌಟು ಹಾಕಿಸಿದರು.

ನನ್ನ ಎಪ್ಪತ್ತೆರಡು ಸಾವಿರ? ಅದು ಹೋಯಿತು. ಆದರೆ ಅದಾದ ಮೇಲೆ ತೋಟದೊಳಗೆ ಕೈಮಡದ ದಾರಿ, ದೇವರ ಕಾಡಿನ ದಾರಿ ಇರುವ ಮನೆಗಳವರು ಬೇಲಿ ಎಂದರೆ ಮೊದಲು ನನ್ನನ್ನೇ ಕರೆಯುತ್ತಾರೆ. ಓಣಿ ಬಿಟ್ಟು ಬೇಲಿ ಹಾಕುವ ರಾಜು ಎಂದು ಹೆಸರಾಗಿದೆ. ಹೋದದ್ದಕ್ಕಿಂತ ಹೆಚ್ಚು ಬಂದಿದೆ, ಸುಳ್ಳು ಹೇಳುವುದಿಲ್ಲ.

ನೀವು ಸಬ್ಸಿಡಿಯ ಬೇಲಿ ಹಾಕಿಸುವವರಾದರೆ ನನ್ನ ಮಾತು ಕೇಳಿ. ಸಬ್ಸಿಡಿಯನ್ನು ಬರುವ ದುಡ್ಡು ಎಂದು ಲೆಕ್ಕ ಹಾಕಿ, ಆದರೆ ಇಂಥ ದಿನಕ್ಕೆ ಬರುವ ದುಡ್ಡು ಎಂದು ಹಾಕಬೇಡಿ. ದಿನ ಗೊತ್ತಾದ ಕೆಲಸಕ್ಕೆ ಬೇಕಾದ ಒಡವೆಯನ್ನು ಅದನ್ನು ನಂಬಿ ಇಡಬೇಡಿ. ಅರ್ಜಿಯಲ್ಲಿ ಉಳಿತಾಯ ಖಾತೆಯ ನಂಬರ್ ಕೊಡಿ, ಸಾಲದ ಖಾತೆಯದು ಕೊಟ್ಟರೆ ದುಡ್ಡು ಬಂದ ಹಾಗೇ ಸಾಲಕ್ಕೆ ಹೋಗಿಬಿಡುತ್ತದೆ. ತೋಟದಲ್ಲಿ ದಾರಿ ಇದ್ದರೆ ಮೊದಲೇ ಎರಡು ಅರ್ಜಿ ಹಾಕಲು ಆಗುತ್ತದೆಯೇ ಎಂದು ಕಚೇರಿಯಲ್ಲಿ ವಿಚಾರಿಸಿ, ಮುತ್ತಮ್ಮನಿಗೆ ಕಡಿಮೆ ಬಿದ್ದ ದುಡ್ಡು ನಿಮಗೆ ಉಳಿಯಬಹುದು. ಇನ್ನು ಎಲ್ಲಕ್ಕಿಂತ ಮುಖ್ಯದ್ದು: ಮೊದಲ ಗುಂಡಿ ತೋಡುವ ಮುಂಚೆ ಮನೆಯ ಅತಿ ಹಿರಿಯರ ಜೊತೆ ಗಡಿಯುದ್ದಕ್ಕೂ ಒಮ್ಮೆ ನಡೆಯಿರಿ. ಅವರಿಗೆ ನಡೆಯಲಾಗದಿದ್ದರೆ ಕುರ್ಚಿಯಲ್ಲಿ ಹೊತ್ತುಕೊಂಡಾದರೂ ಹೋಗಿ. ಎಲ್ಲಿ ಬೇಲಿ ಬರಬಾರದು ಎಂದು ಅವರ ಬಾಯಿಂದಲೇ ಕೇಳಿಕೊಂಡು, ಆಮೇಲೆ ನನಗೆ ಫೋನ್ ಮಾಡಿ.